ಬೀಥಿಕಾ ದೀದಿಮಣಿಯನ್ನು ನಂಬುವುದು ಹೇಗೆ

ಗಂಡನಿಲ್ಲ, ಮಕ್ಕಳಿಲ್ಲ, ಊರಿನಲ್ಲಿ ಒಬ್ಬ ನೆಂಟನಿಲ್ಲ. ಅಂಥ ಹೆಂಗಸು ನದಿ ದಾಟಿ ನಮ್ಮ ದ್ವೀಪಕ್ಕೆ ಬಂದು, ಒಡ್ಡಿನ ಪಕ್ಕದ ಮಣ್ಣಿನ ಕೋಣೆಯಲ್ಲಿ ಬಾಡಿಗೆಗೆ ಕೂತು, ಕಂಡವರ ಹೆಣ್ಣುಮಕ್ಕಳಿಗೆ ಮೊಟ್ಟೆ ಬೇಯಿಸಿ ಹಾಕಿದರೆ ಯಾರಿಗೆ ಅನುಮಾನ ಬರುವುದಿಲ್ಲ? ಬೀಥಿಕಾ ದೀದಿಮಣಿ ನಮ್ಮ ಶಾಲೆಗೆ ಬಂದ ವರ್ಷವೇ ದೋಣಿ ಘಾಟಿನ ಚಹಾ ಅಂಗಡಿಯವನು ಅಂದಿದ್ದ, “ಉಳಿದ ಮೇಷ್ಟ್ರುಗಳು ಹಾಜರಿ ಹಾಕಿ ಮಧ್ಯಾಹ್ನದ ದೋಣಿ ಹಿಡೀತಾರೆ. ಇವಳೊಬ್ಬಳು ಯಾಕೆ ಇಲ್ಲೇ ಇರ್ತಾಳೆ? ಏನೋ ಇದೆ.”

ಆ ‘ಏನೋ’ ಏನೆಂದು ಎಲ್ಲರಿಗೂ ಗೊತ್ತಿತ್ತು. ನನ್ನ ಪಕ್ಕದ ಮನೆ ಶೆಫಾಲಿಯ ತಂಗಿ, ದಿಲ್ಲಿಯಲ್ಲಿ ಮನೆಗೆಲಸ ಕೊಡಿಸುತ್ತೇನೆಂದ ಒಬ್ಬ ಸಿಹಿಮಾತಿನ ಹೆಂಗಸಿನ ಹಿಂದೆ ದೋಣಿ ಹತ್ತಿದಳು, ಇವತ್ತಿಗೂ ಸುದ್ದಿಯಿಲ್ಲ.

ಹಾಗಂತ ಪಾಠದ ವಿಷಯದಲ್ಲಿ ದೀದಿಮಣಿಯತ್ತ ಬೊಟ್ಟು ಮಾಡುವಂತಿರಲಿಲ್ಲ. ನಮ್ಮ ಹುಡುಗಿಯರು ಸೊಂಟದ ತನಕ ನದಿಗಿಳಿದು ಸೀಗಡಿ ಮರಿಯ ಬಲೆ ಎಳೆಯುವವರು. ನೀರಿನ ಏರಿಳಿತ ಶಾಲೆಯ ಗಂಟೆಗೆ ಕಾಯುತ್ತದೆಯೆ? ದೀದಿಮಣಿ ಬೈಯಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ದಡದ ಕೆಸರಿನಲ್ಲಿ ಅವರ ಸಮಕ್ಕೆ ನಡೆದಳು. ಅವಳು ದಡದಿಂದ ಕೇಳುವುದು, ಇವರು ನೀರಿನಿಂದ ಕೂಗಿ ಹೇಳುವುದು. ಯಾರಾದರೂ ತಡವರಿಸಿ ನಿಂತರೆ, “ಬಲೆ ಯಾಕೆ ನಿಲ್ಲಿಸಿದೆ? ಎಳೀತಾ ಯೋಚನೆ ಮಾಡು” ಅನ್ನುತ್ತಿದ್ದಳು. ಶೆಫಾಲಿಯ ಮಗಳು ಪಂಚಮಿ ಒಂದು ದಿನ ನೀರಿನಲ್ಲಿ ನಿಂತೇ, “ನದಿಯನ್ನ ಚಂದ್ರ ಎಳೀತಾನೆ ಅಂದ್ರಲ್ಲ, ಚಂದ್ರನನ್ನ ಯಾರು ಎಳೀತಾರೆ?” ಎಂದು ಕೇಳಿದಳು. ಅವತ್ತಿನಿಂದ ದೀದಿಮಣಿ ಅವಳ ಬೆನ್ನು ಬಿಡಲಿಲ್ಲ.

ಮರುವರ್ಷ ಅವಳು ಪಂಚಮಿಯ ವಯಸ್ಸು ಕೇಳಿದಳು, ಫೋನಿನಲ್ಲಿ ಫೋಟೋ ಹಿಡಿದಳು. ಶೆಫಾಲಿ ನನ್ನ ಅಂಗಳಕ್ಕೆ ಓಡಿಬಂದಳು.

“ಮಾಸಿ, ನನ್ನ ತಂಗಿಗೂ ಹೀಗೇ ಫೋಟೋ ಹಿಡಿದಿದ್ರು. ಇವಳು ಹಾಸ್ಟೆಲ್ ಅಂತಾಳೆ. ನದಿ ಆಚೆ ಅಂತೆ, ಊಟ, ಓದು ಎಲ್ಲ ಪುಕ್ಕಟೆ ಅಂತೆ. ಪುಕ್ಕಟೆ ಯಾರು ಕೊಡ್ತಾರೆ?”

“ಪಂಚಮಿ ಏನಂತಾಳೆ?”

“ಕಳಿಸದಿದ್ರೆ ಊಟ ಬಿಡ್ತೀನಿ ಅಂತಾಳೆ. ನಿನ್ನೆ ಬಿಟ್ಟೂ ಬಿಟ್ಟಳು.”

ಹಾಸ್ಟೆಲಿನವರು ಹುಡುಗಿಯರನ್ನು ನೋಡಿ ಆರಿಸುವ ದಿನ ಬಂದದ್ದು ಜೇನಿನ ತಿಂಗಳಲ್ಲಿ. ಪಂಚಮಿಯ ಅಪ್ಪ ನಿತಾಯ್ ಜೇನು ಕೀಳಲು ಹೋಗಿ ಕಾಡಿನಲ್ಲಿದ್ದ. ಗಂಡಸು ಕಾಡಿನಲ್ಲಿರುವಾಗ ಅವನ ಹೆಂಡತಿ ಮನೆ ಬಿಟ್ಟು ಹೋಗುವಂತಿಲ್ಲ, ತಾಯಿ ಮಗಳು ತಲೆಗೆ ಎಣ್ಣೆ ಬಾಚಣಿಗೆ ತಾಕಿಸುವಂತಿಲ್ಲ. ತಾಕಿಸಿದರೆ ಅಲ್ಲಿ ಪಟ್ಟೆ ಮೈಯ ದೊಡ್ಡ ಮಾಮ ಅವನ ಜಾಡು ಹಿಡಿಯುತ್ತಾನೆ. ನಾನು ವಿಧವೆ, ಕಾಡಿನಲ್ಲಿ ನನಗೆ ಯಾರೂ ಉಳಿದಿಲ್ಲ, ಆದ್ದರಿಂದ ಕಾವಲಿಗೆ ನಾನೇ ಹೊರಟೆ. ಶೆಫಾಲಿ ಮೆಲ್ಲಗೆ ಅಂದಳು, “ಯಾರು ಕೊಟ್ಟಿದ್ದನ್ನೂ ಕುಡಿಯೋಕೆ ಬಿಡಬೇಡ. ಅವಳ ತಲೆ ಮುಟ್ಟೋಕೆ ಬಿಡಬೇಡ.”

ದೋಣಿಯಲ್ಲಿ ದೀದಿಮಣಿ ಪಂಚಮಿಯನ್ನು ಏನೇನೋ ಕೇಳುತ್ತಾ ಬಂದಳು. ನಾನು ಕಣ್ಣು ಮುಚ್ಚಿ ಕಿವಿ ತೆರೆದು ಕೂತಿದ್ದೆ. ಆಚೆ ಘಾಟಿನಲ್ಲಿ ಒಬ್ಬ ಮೋಟಾರು ವ್ಯಾನಿನವನು ಅವಳನ್ನೇ ಕಾಯುತ್ತಿದ್ದ. ಪಂಚಮಿಯನ್ನು ಮೇಲಿಂದ ಕೆಳಗೆ ನೋಡಿದ.

“ಒಬ್ಬಳೇನಾ? ಇಬ್ಬರು ಅಂದಿದ್ರಿ.”

“ಇನ್ನೊಬ್ಬಳ ಮನೇಲಿ ಬಿಡಲಿಲ್ಲ” ಎಂದಳು ದೀದಿಮಣಿ.

ನಾನು ಪಂಚಮಿಯ ಮುಂಗೈ ಗಟ್ಟಿಯಾಗಿ ಹಿಡಿದೆ. ದೀದಿಮಣಿ ಅಂಗಡಿಗೆ ಹೋಗಿ ಏನೋ ಕೊಂಡು ಚೀಲಕ್ಕೆ ಹಾಕಿಕೊಂಡಳು. ಇಣುಕಿದೆ. ಎಣ್ಣೆ ಪೊಟ್ಟಣ, ಬಾಚಣಿಗೆ.

“ಇದು ಯಾರಿಗೆ?”

“ಇರಲಿ ಮಾಸಿ. ಬೇಕಾಗದೆ ಇರಲಿ ಅಂತ ಬೇಡ್ಕೊಳ್ಳಿ.”

ವ್ಯಾನು ನಿಜವಾಗಿಯೂ ಹಾಸ್ಟೆಲಿನ ಮುಂದೆಯೇ ನಿಂತಿತು. ಬೋರ್ಡು ಓದಲು ನನಗೆ ಬಾರದು. ಒಳಗೆ ಹುಡುಗಿಯರು ಪಾಠ ಒಪ್ಪಿಸುವ ದನಿ ಕೇಳಿಸಿದ ಮೇಲೆ ಕೈ ಸ್ವಲ್ಪ ಸಡಿಲಿಸಿದೆ. ಮೇಲ್ವಿಚಾರಕಿ ಪಂಚಮಿಯ ಜಡೆಗಟ್ಟಿದ ಕೂದಲು ನೋಡಿ ಮೂಗು ಮುರಿದಳು.

“ಇದೇನು ತಲೆಯೋ ಕಾಗೆ ಗೂಡೋ? ಹೇನು ಎಲ್ಲರಿಗೂ ಹತ್ತುತ್ತೆ. ಬಾಚಿಸಿ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಬೇರೆಯವಳನ್ನ ಕರೀತೀನಿ.”

ದೀದಿಮಣಿ ಚೀಲಕ್ಕೆ ಕೈ ಹಾಕಿದಳು. ಪಂಚಮಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ನಾನು ಇಬ್ಬರ ನಡುವೆ ಹೋಗಿ ನಿಂತೆ. “ನಿತಾಯ್ ಇನ್ನೂ ಬಂದಿಲ್ಲ” ಎಂದೆ. ಅವಳು ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಆಮೇಲೆ ಕೈಯನ್ನು ಬರಿದಾಗಿ ಹೊರಗೆ ತೆಗೆದು, ನನ್ನ ಹೆಗಲ ಗಮಛಾ ಎಳೆದುಕೊಂಡು, ಜೇನಿನವರು ಸುತ್ತುವ ಹಾಗೆ ಪಂಚಮಿಯ ತಲೆಗೆ ಬಿಗಿಯಾಗಿ ಸುತ್ತಿದಳು.

“ಅವಳ ಅಪ್ಪ ಕಾಡಿನಲ್ಲಿದ್ದಾನೆ ಮೇಡಂ. ಅವನು ಬರೋ ತನಕ ತಲೆ ಹೀಗೇ. ಬಾಗಿಲ ಹತ್ತಿರ ಕೂರಿಸಿ ಕೇಳಿ.”

“ಓದಿದವರು ನೀವೂ ಇದನ್ನ ನಂಬ್ತೀರಾ?”

“ಅವಳು ನಂಬ್ತಾಳೆ. ಅಪ್ಪನಿಗೆ ಏನಾಗುತ್ತೋ ಅನ್ನೋ ಭಯ ಇಟ್ಕೊಂಡು ಲೆಕ್ಕ ಹೇಗೆ ಮಾಡ್ತಾಳೆ?”

ಬಾಗಿಲ ಹತ್ತಿರವೇ ಕೂರಿಸಿ ಕೇಳಿದರು. ಪಂಚಮಿ ಮೊದಮೊದಲು ನೆಲ ನೋಡಿ ಹೇಳಿದಳು, ಆಮೇಲೆ ಮೇಲ್ವಿಚಾರಕಿಯನ್ನೇ ತಿರುಗಿ ಕೇಳಲು ಶುರು ಮಾಡಿದಳು. ಸೀಟು ಸಿಕ್ಕಿತು. ಮುಂದಿನ ವಾರವೇ ಬಂದು ಸೇರಬೇಕೆಂದರು, ಅಪ್ಪ ಬರುವ ತನಕ ತಲೆಗೆ ಬಟ್ಟೆ ಸುತ್ತಿಯೇ ಇರಲಿ ಎಂದರು.

ಊರಿಗೆ ಬಂದು ನಾನು ನೋಡಿದ್ದು, ಕೇಳಿದ್ದು, ವ್ಯಾನಿನವನ ಮಾತು ಸಹಿತ ಶೆಫಾಲಿಗೆ ಹೇಳಿದೆ.

“ಹಾಗಾದ್ರೆ ಒಳ್ಳೆಯವಳಾ, ಮಾಸಿ?”

“ಇವತ್ತು ಒಳ್ಳೆಯವಳ ಹಾಗೆ ನಡ್ಕೊಂಡಳು. ಅಷ್ಟೇ ನನಗೆ ಗೊತ್ತು.”

ಮರುದಿನ ಶೆಫಾಲಿ ದೀದಿಮಣಿಯನ್ನು ಅಂಗಳಕ್ಕೆ ಕರೆಸಿದಳು.

“ಮಗಳನ್ನ ಕಳಿಸ್ತೀನಿ. ಅವಳು ರಜಕ್ಕೆ ವಾಪಸ್ ಬರೋ ತನಕ ನೀವು ಆ ಬಾಡಿಗೆ ಕೋಣೆ ಬಿಟ್ಟು ನನ್ನ ಮನೇಲಿ ಇರಬೇಕು. ನನ್ನ ಕಣ್ಣ ಮುಂದೆ.”

ದೀದಿಮಣಿ ನಗುತ್ತಾಳೆ ಅಥವಾ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ, “ನಿಮ್ಮ ಜಗಲಿ ಮೇಲೆ ಎಷ್ಟು ಹುಡುಗಿಯರು ಕೂರಬಹುದು?”

ಪಂಚಮಿ ಹೋದಳು. ದೀದಿಮಣಿ ಹಾಸಿಗೆ ಸುತ್ತಿಕೊಂಡು ಬಂದಳು. ಶಾಲೆಗೆ ಹೊರಟರೆ ಶೆಫಾಲಿ ಬೇಲಿಯ ತನಕ ಬಂದು ಅವಳ ಬೆನ್ನು ಮರೆಯಾಗುವವರೆಗೆ ನಿಂತು ನೋಡುತ್ತಿದ್ದಳು. ದೋಣಿಯವನಿಗೂ ತಾಕೀತು ಮಾಡಿದ್ದಳಂತೆ, ದೀದಿಮಣಿಯನ್ನು ಒಬ್ಬಳನ್ನೇ ದಾಟಿಸಬಾರದು ಎಂದು.

ನಿತಾಯ್ ಜೇನು ತುಂಬಿಕೊಂಡು ಕ್ಷೇಮವಾಗಿ ಬಂದ. ಅಂಗಳದಲ್ಲಿ ಮಗಳು ಕಾಣಲಿಲ್ಲ, ಒಲೆಯ ಮುಂದೆ ದೀದಿಮಣಿ ಮೀನು ಹೆಚ್ಚುತ್ತಿದ್ದಳು. ಹೆಂಡತಿ ಎಲ್ಲ ಹೇಳಿದ ಮೇಲೆ ಅವನು ತಲೆ ಕೆರೆದುಕೊಂಡ.

“ಜನ ಓಲೆ, ಬಳೆ ಅಡ ಇಟ್ಕೊಳ್ತಾರೆ. ನೀನು ಮೇಡಂನೇ ಇಟ್ಕೊಂಡ್ಯಾ?”

“ಇಟ್ಕೊಂಡೆ” ಎಂದಳು ಶೆಫಾಲಿ. “ಮಗಳು ದೋಣಿ ಇಳಿದ ದಿನ ಬಿಡ್ತೀನಿ.”

“ದೊಡ್ಡ ತುಂಡು ಮಾಡ್ಲಾ, ಚಿಕ್ಕದಾ?” ಎಂದು ದೀದಿಮಣಿ ಒಲೆಯ ಮುಂದಿನಿಂದ ಕೇಳಿದಳು.