ರೆಕ್ಕೆ ಹೊಲಿಯುವ ಟೈಲರಣ್ಣ
ಸಲಿಂಗಪ್ರೇಮಿಗಳಾದ ನಮ್ಮ ವಾರ್ಷಿಕ ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ನವಿಲಿಗೂ ನಾಚಿಕೆಯಾಗುವಂತೆ ನಡೆಯುವ ಟೈಲರಣ್ಣ ಉಳಿದ ದಿನಗಳಲ್ಲಿ ಶಾಲಾ ಮಕ್ಕಳಿಗೆ ಬೂದುಬಣ್ಣದ ಚಡ್ಡಿ ಹೊಲಿಯುತ್ತಾನೆ. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಸ್ಪಷ್ಟವಾಗಿ ಬೈಯಬಲ್ಲ. ಮೆರವಣಿಗೆಗೆ ತಿಂಗಳಿದೆ ಎನ್ನುವಾಗ ಜರಿಬಟ್ಟೆಯ ರೆಕ್ಕೆಗಳನ್ನು ಹೊಲಿಯತೊಡಗುತ್ತಾನೆ. ಅವನ್ನು ಕಟ್ಟಿಕೊಂಡರೆ ಅಂಗಡಿಯ ಬಾಗಿಲಲ್ಲಿ ಏಡಿಯಂತೆ ಅಡ್ಡಡ್ಡ ನಡೆದೇ ಹೊರಬರಬೇಕು. ಸಮಿತಿಯ ಕಾರ್ಯದರ್ಶಿಯಾದ ನಾನು ವರ್ಷವರ್ಷವೂ "ಸಭ್ಯ ಉಡುಪು ಧರಿಸತಕ್ಕದ್ದು" ಎಂದು ಸುತ್ತೋಲೆ ಹೊರಡಿಸುತ್ತೇನೆ; ಅವನು ಅದರ ಹಿಂಬದಿಯಲ್ಲಿ ಕಾಲರಿನ ನಮೂನೆ ಬರೆದುಕೊಳ್ಳುತ್ತಾನೆ. "ಪೇಪರಿನವರು ನಿನ್ನ ಫೋಟೋನೇ ಹಾಕ್ತಾರೆ ಕಣಯ್ಯಾ, ಜನ ನಮ್ಮನ್ನೆಲ್ಲ ಕೋಡಂಗಿಗಳು ಅಂದ್ಕೋತಾರೆ" ಎಂದರೆ, "ಅಂದ್ಕೊಳ್ಳಲಿ ಬಿಡಿ ಸಾರ್, ಅವರನ್ನ ಕೇಳಿ ಹುಟ್ಟಿದ್ವಾ?" ಎನ್ನುತ್ತಾನೆ. ಈ ವರ್ಷ ರೆಕ್ಕೆಗೇ ನಿಷೇಧ ಹೇರುವ ನಿರ್ಣಯವನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಅವನು ಅಳತೆ ಪುಸ್ತಕ ನೋಡಿಕೊಂಡು ಜರಿಬಟ್ಟೆಗೆ ಗುರುತು ಹಾಕುತ್ತಿದ್ದ. ಪುಟದಲ್ಲಿ ಎದೆ, ಸೊಂಟದ ಬದಲು ಮೇಷ್ಟ್ರು, ಬ್ಯಾಂಕಿನ ಮೇಡಂ, ಬಸ್ ಡ್ರೈವರ್ ಎಂದು ಬರೆದಿತ್ತು. "ಇವರ್ಯಾರೋ?" ಎಂದೆ. "ಇನ್ನೂ ಮನೇಲಿ ಹೇಳದೇ ಇರೋರು. ಬರೋಕೆ ಆಸೆ, ಫೋಟೋಗೆ ಭಯ. ತಲೆಗೊಂದು ಮೊಳ ಲೆಕ್ಕದಲ್ಲಿ ರೆಕ್ಕೆ ಅಗಲ ಮಾಡ್ತೀನಿ. ಕ್ಯಾಮರಾ ನನ್ನ ನೋಡ್ತಿರುತ್ತೆ, ಅವರು ಹಿಂದೆ ಆರಾಮಾಗಿ ನಡೀತಾರೆ." ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಹೀಗಿತ್ತು: ಕಾರ್ಯದರ್ಶಿ ಸಾರ್, ತಾಯಿ ದಿನಾ ಪೇಪರ್ ಓದ್ತಾರೆ. ಹನ್ನೊಂದು ವರ್ಷ ಶಿಸ್ತು ಕಾಪಾಡಲೆಂದೇ ನಾನು ಅವನ ಬೆನ್ನ ಹಿಂದೆ ನಡೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೆ. "ಈ ಸಲ ನನ್ನ ಲೆಕ್ಕದ ಒಂದು ಮೊಳ ಕಡಿಮೆ ಮಾಡು" ಎಂದೆ. ಅವನು ಕೊರಳಿನ ಟೇಪು ಎಳೆದುಕೊಂಡು ಎದ್ದ. "ಹಾಗಾದ್ರೆ ನೆಟ್ಟಗೆ ನಿಂತ್ಕೊಳ್ಳಿ ಸಾರ್, ನಿಮ್ಮ ಅಳತೆ ತಗೋಬೇಕು."