ದಾರಿಗೆ ಅಂಕಿ ಬರೆಯುವ ಕಲ್ಲಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ಹೆಂಗಸೊಬ್ಬಳು ಮಂಡಿಯೂರಿ, ಶಾಲೆಗೆ ಹೊರಟ ಮಗುವಿನ ಮುಖ ಒರೆಸುವ ಹಾಗೆ ಕಿಲೋಮೀಟರ್ ಕಲ್ಲನ್ನು ಒರೆಸುತ್ತಿದ್ದಾಳೆ. ಲಾರಿಯೊಂದು ಭರ್ರೆಂದು ಹಾದಾಗ ಬಣ್ಣಕ್ಕೆ ದೂಳು ಬೀಳದಂತೆ ಡಬ್ಬಕ್ಕೆ ಅಂಗೈ ಅಡ್ಡ ಹಿಡಿಯುತ್ತಾಳೆ. ಆಮೇಲೆ 31ರ ಮೇಲೆ ಬಿಳಿ ಬಳಿದು, ಅದು ಒಣಗಿದ ಮೇಲೆ ಅಂಕಿ ಕೊರೆದ ತಗಡಿನ ಅಚ್ಚು ಒತ್ತಿ ಹಿಡಿದು, ಬಣ್ಣ ಬಳಿದು 27 ಮೂಡಿಸುತ್ತಾಳೆ.

ಕಥೆಗಳಲ್ಲಿ ದಾರಿ ತಪ್ಪಿದ ರಾಜಕುಮಾರನಿಗಾಗಿ ಕವಲಿನಲ್ಲೊಬ್ಬ ಮುದುಕಿ ಕೂತಿರುತ್ತಾಳೆ. ಹೆದ್ದಾರಿಯಲ್ಲಿ ಆ ಕೆಲಸ ಕಲ್ಲುಗಳದ್ದು. ಇಪ್ಪತ್ತೆರಡು ವರ್ಷಗಳಿಂದ ಅವಕ್ಕೆ ಮಾತು ಕೊಡುತ್ತಿರುವ ಈಕೆಯನ್ನು ರಸ್ತೆ ಕೆಲಸದವರು ಕರೆಯುವುದು ‘ಕಲ್ಲಕ್ಕ’ ಎಂದೇ. ಈಗ ಹೊಸ ಬೈಪಾಸ್ ಬಂದು ದಾರಿ ನಾಲ್ಕು ಕಿಲೋಮೀಟರ್ ಕುಗ್ಗಿದೆ. ಅದರಾಚೆಯ, 31ರಿಂದ 60ರವರೆಗಿನ ಮೂವತ್ತು ಕಲ್ಲುಗಳ ಅಂಕಿಯಲ್ಲೂ ನಾಲ್ಕು ಕಳೆಯಬೇಕು. ದಿನಕ್ಕೆ ಆರು ಕಲ್ಲು, ಐದು ದಿನದ ಕೆಲಸ.

ಬಣ್ಣದ ಶೆಡ್ಡು ಇರುವುದು ಆ ತುದಿಯಲ್ಲಿ, ಅರವತ್ತನೇ ಕಲ್ಲಿನ ಹತ್ತಿರ. “ಅಲ್ಲಿಂದಲೇ ಶುರು ಮಾಡಕ್ಕ, ಹೊರೋದು ತಪ್ಪುತ್ತೆ,” ಎಂದಿದ್ದ ಹೊಸ ಮೇಸ್ತ್ರಿ. ಕಲ್ಲಕ್ಕ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

“ಅಲ್ಲಿ ಅರವತ್ತನ್ನ ಐವತ್ತಾರು ಮಾಡ್ತೀನಿ. ಹಳೇ ಐವತ್ತಾರು ನಾಲ್ಕು ಕಿಲೋಮೀಟರ್ ಈಚೆ ಹಾಗೇ ನಿಂತಿರುತ್ತೆ. ಅಷ್ಟರಲ್ಲಿ ಯಾರಿಗೋ ಏಟಾಗಿ, ಐವತ್ತಾರನೇ ಕಲ್ಲಿಗೆ ಬನ್ನಿ ಅಂತ ಫೋನ್ ಮಾಡಿದ್ರೆ ಆಂಬುಲೆನ್ಸು ಯಾವುದಕ್ಕೆ ಹೋಗ್ಬೇಕು ಸ್ವಾಮಿ? ಈ ಕಡೆಯಿಂದ ಬರ್ಕೊಂಡು ಹೋದ್ರೆ ಒಂದೇ ಅಂಕಿ ಎರಡು ಕಡೆ ಬರೋದೇ ಇಲ್ಲ.”

ಪುಸ್ತಕ ಕಲಿಸಿದ ಲೆಕ್ಕವಲ್ಲ ಇದು. ಎಂಟು ವರ್ಷದ ಹಿಂದೆ ಹೀಗೆಯೇ ಅಂಕಿ ಬದಲಿಸುವಾಗ, ಅಂದಿನ ಮೇಸ್ತ್ರಿಯ ಮಾತು ಕೇಳಿ ಅವಳು ಆ ತುದಿಯಿಂದ ಬರೆದಿದ್ದಳು. ಮಾರನೇ ದಿನ ಮಗುಚಿದ್ದು ಅವಳ ತಮ್ಮನದೇ ಲಾರಿ. ಆತ ಕಲ್ಲು ನೋಡಿ ಫೋನಿನಲ್ಲಿ ಅಂಕಿ ಸರಿಯಾಗಿಯೇ ಹೇಳಿದ. ಆಂಬುಲೆನ್ಸು ಅದೇ ಅಂಕಿಯ ಇನ್ನೊಂದು ಕಲ್ಲಿನ ಬಳಿ ಹುಡುಕಾಡಿತು. ನಲವತ್ತು ನಿಮಿಷ ಕಳೆಯಿತು. ಎಡಗಾಲು ಉಳಿಯಲಿಲ್ಲ.

ತಮ್ಮ ಈಗ ಅಕ್ಕನ ಮನೆಯಲ್ಲೇ ಇದ್ದಾನೆ. ಕಿಟಕಿಯ ಬಳಿ ಕುಳಿತು ಅಚ್ಚಿನ ತಗಡು ಕತ್ತರಿಸುತ್ತಾನೆ. “ಇವಳು ಕೈಯಲ್ಲಿ ಬರೆದ ಏಳು ನೋಡ್ಬೇಕು ನೀವು, ಸೊಂಟ ಹಿಡ್ಕೊಂಡವರ ಥರ ಬಗ್ಗಿರುತ್ತೆ.”

“ಸುಮ್ನಿರೋ, ನಿನ್ನ ಎಂಟಕ್ಕೆ ಹೊಟ್ಟೆ ಬಂದಿದೆ!” ಎನ್ನುತ್ತಾಳೆ ಅಕ್ಕ. ಆ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುವುದಿಲ್ಲ.

ಕಾರಣ ತಿಳಿದ ಮೇಲೆ ಹೊಸ ಮೇಸ್ತ್ರಿಯೇ ಬೈಕಿನಲ್ಲಿ ಡಬ್ಬಗಳನ್ನು ಈ ತುದಿಗೆ ತಂದಿಳಿಸುತ್ತಾನೆ. ಈ ಕೆಲಸದಲ್ಲಿ ಏನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ ಕಲ್ಲಕ್ಕ ಕುಂಚ ಹಿಂಡುತ್ತಾ ನಗುತ್ತಾಳೆ.

“ಅಂಕಿ ಸರಿಯಾಗಿರ್ಬೇಕು. ಆದ್ರೆ ನನ್ನ ಕಲ್ಲನ್ನ ಯಾರೂ ಫೋನ್ ಹಿಡ್ಕೊಂಡು ಓದೋ ಹಾಗಾಗ್ಬಾರದು. ಎಲ್ಲರೂ ಅದನ್ನ ನೋಡದೇನೇ ಮನೆ ಸೇರ್ಕೊಂಡ್ರೆ ಸಾಕು.”