ನೀರುಗಾಡಿಗೆ ಬ್ರೇಕು ಹಿಡಿಯುವ ಮೇಲಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ನೆತ್ತಿಯ ತಗಡಿನ ಕೋಣೆಯಲ್ಲಿ ಮೇಲಿನಕ್ಕ ಬ್ರೇಕಿನ ಮರದ ತುಂಡುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ಒದ್ದೆ ಮರ ಜಾರುತ್ತದೆ, ತೀರಾ ಒಣಗಿದ್ದು ಹೊತ್ತಿಕೊಳ್ಳುತ್ತದೆ. ಆಳೆತ್ತರದ ಚಕ್ರಕ್ಕೆ ಬೆನ್ನು ತಟ್ಟುವ ಹಾಗೆ ಒಂದು ಏಟು ಕೊಟ್ಟು, "ಇವತ್ತೊಂದಿನ ಮಾನ ಉಳಿಸು ಮಾರಾಯ" ಅನ್ನುತ್ತಾರೆ. ಗೋಡೆಯ ಮೇಲೆ ನಿನ್ನೆ ತಾನೇ ಕೂರಿಸಿದ ಹೊಸ ಫೋನಿದೆ. ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಇವತ್ತು ಪರೀಕ್ಷೆ. ಗಂಟೆ ಬಾರಿಸಿ ಗಾಡಿ ಬಿಡುವುದು ಓಬೀರಾಯನ ಕಾಲದ್ದು, ಇನ್ನು ಫೋನಿನಲ್ಲೇ ಹೇಳಿ ಕೇಳಿ ಬಿಡಬೇಕು ಎಂದು ಗಾಡಿ ನಡೆಸುವ ಕಚೇರಿಯ ಅಪ್ಪಣೆ. ಸರಿಹೋದರೆ ಗಾಡಿ ಓಡುತ್ತದೆ. ಎಡವಟ್ಟಾದರೆ ಬೀಗ. ಆಮೇಲೆ ಬಣ್ಣ ಬಳಿದು, ಸುತ್ತ ಸರಪಳಿ ಕಟ್ಟಿ, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು ಇಡುತ್ತಾರಂತೆ.

ನೀರುಗಾಡಿಯ ಸಂಗತಿ ಸರಳ. ಕಡಿದಾದ ಗುಡ್ಡದ ಮೈಮೇಲೆ ಜೋಡಿ ಹಳಿ, ಎರಡು ಗಾಡಿ, ನಡುವೆ ಒಂದೇ ಉಕ್ಕಿನ ಹಗ್ಗ. ಹಗ್ಗ ಮೇಲಿನ ಚಕ್ರವನ್ನು ಬಳಸಿ ಬರುತ್ತದೆ. ಮೇಲಿರುವ ಗಾಡಿಯ ಹೊಟ್ಟೆಯ ತೊಟ್ಟಿಗೆ ಗುಡ್ಡದಲ್ಲಿ ಜಿನುಗುವ ಊಟೆಯ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತದೆ. ಇಳಿಯುತ್ತ ಕೆಳಗಿನ ಗಾಡಿಯನ್ನು ಮೇಲೆಳೆಯುತ್ತದೆ. ಕೆಳಗೆ ಮುಟ್ಟಿದ ಮೇಲೆ ಆ ನೀರನ್ನು ಚೆಲ್ಲುತ್ತಾರೆ. ಕರೆಂಟಿಲ್ಲ, ಹೊಗೆಯಿಲ್ಲ. ಕೆಳಗಿನ ಪೇಟೆಯಿಂದ ಮೇಲಿನ ಆಸ್ಪತ್ರೆಗೆ ಹೋಗುವ ದಾದಿಯರು, ಕಸ ಗುಡಿಸುವವರು, ಉಸಿರು ಹಿಡಿದುಕೊಂಡ ರೋಗಿಗಳು ದಿನವೂ ಇದರಲ್ಲೇ ಹತ್ತುತ್ತಾರೆ. ನೀರು ಎಷ್ಟು ತುಂಬಬೇಕು ಎನ್ನುವುದರಲ್ಲೇ ಇಡೀ ಕೆಲಸ ಇದೆ. ಕಡಿಮೆಯಾದರೆ ಗಾಡಿ ಕದಲುವುದಿಲ್ಲ. ಹೆಚ್ಚಾದರೆ ಹುಚ್ಚು ಕುದುರೆ.

ಆ ಅಳತೆ ಹೇಳುವುದು ಕೆಳಗಿನ ನಿಲ್ದಾಣದ ಗಂಟೆ. ಅದನ್ನು ಬಾರಿಸುವ ಕೆಳಗಿನಕ್ಕ, ಮೇಲಿನಕ್ಕನ ಓರಗಿತ್ತಿ. ಅಣ್ಣತಮ್ಮಂದಿರು ಮಾಡುತ್ತಿದ್ದ ಕೆಲಸ, ಅವರು ಹೋದ ಮೇಲೆ ಹೆಂಡಂದಿರ ಪಾಲಿಗೆ ಬಂತು. ಒಬ್ಬ ಮನುಷ್ಯನಿಗೆ ಒಂದು ಏಟು, ಮಗುವಿಗೆ ಅರ್ಧ, ಅಂದರೆ ಬೆರಳುಗೆಣ್ಣಿನಿಂದ ಒಂದು ಸಣ್ಣ ಸದ್ದು. ದಢೂತಿ ಆಸಾಮಿಗೆ ಎರಡು. ಬಾಗಿಲ ಅಗಳಿ ಬಿದ್ದ ಮೇಲೆಯೇ ಗಂಟೆ, ಅದಕ್ಕೆ ಮುಂಚೆ ಮುಟ್ಟುವಂತಿಲ್ಲ.

ಈ ಓರಗಿತ್ತಿಯರು ಪರಸ್ಪರ ಮಾತು ಬಿಟ್ಟು ವರ್ಷಗಳೇ ಆದವು. ಕಾರಣ ಅತ್ತೆಯ ಹೊಲಿಗೆ ಯಂತ್ರ. ಯಂತ್ರದ ತಲೆ ಮೇಲಿನಕ್ಕನ ಮನೆಯಲ್ಲಿದೆ, ಕಾಲಲ್ಲಿ ತುಳಿಯುವ ಸ್ಟ್ಯಾಂಡು ಕೆಳಗಿನಕ್ಕನ ಮನೆಯಲ್ಲಿ.

"ಹಾಗಾದರೆ ಇಬ್ಬರೂ ಹೊಲಿಯೋ ಹಾಗಿಲ್ಲವಲ್ಲ?" ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳಿದೆ.

"ನಾನು ಹೊಲೀದಿದ್ರೂ ಪರವಾಗಿಲ್ಲ, ಅವಳು ಹೊಲೀಬಾರ್ದು" ಎಂದರು ಮೇಲಿನಕ್ಕ, ನಗದೆ.

ನಿಲ್ದಾಣದ ಕಲ್ಲಿನ ಫಲಕದಲ್ಲಿ ಗಾಡಿ ಕಟ್ಟಿಸಿದವರ ಹೆಸರಿದೆ, ಟೇಪು ಕತ್ತರಿಸಿದವರ ಹೆಸರಿದೆ, ಆಮೇಲೆ ಸುಣ್ಣ ಹೊಡೆಸಿದವರದ್ದೂ ಇದೆ. ಬ್ರೇಕು ಹಿಡಿದವರದ್ದು ಹುಡುಕಿ ನೋಡಿ. ಸಿಕ್ಕರೆ ನನಗೂ ಹೇಳಿ.

ನಿನ್ನೆ ಸಂಜೆ ಇಲ್ಲಿಗೆ ಒಂದು ಹೊಸ ಜೋಡಿ ಬಂದಿತ್ತು. ಮದುವೆಯಾದ ಮೇಲಿನ ಮೊದಲ ಪ್ರವಾಸ. ಹುಡುಗಿ ಕಬ್ಬಿಣ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವಳು. ಗಂಡ ಚರಿತ್ರೆಯ ಮೇಷ್ಟ್ರು, ಒಳ್ಳೇ ಆಳು, ಆದರೆ ಎತ್ತರ ಅಂದರೆ ಭಯ. ಅವನಿಗೆ ಹಳೆಯದು ಬೇಕು, ಅವಳಿಗೆ ತಿರುಗುವುದು ಬೇಕು. ಎರಡೂ ಸಿಗುವ ಜಾಗ ಹುಡುಕುತ್ತ ಊರೂರು ಅಲೆದಿದ್ದಾರೆ. "ಒಂದ್ಕಡೆ ಗಾಳಿಗಿರಣಿಯ ರೆಕ್ಕೆಗೆ ದೀಪದ ಸರ ಸುತ್ತಿದಾರೆ. ಇನ್ನೊಂದ್ಕಡೆ ಉಗಿ ಇಂಜಿನ್ನಿನ ಬಾಯೊಳಗೆ ಹೂಕುಂಡ! ಎಲ್ಲಾ ಹೆಣಕ್ಕೆ ಅಲಂಕಾರ ಮಾಡಿಟ್ಟ ಹಾಗಿದೆ ಅಕ್ಕಾ" ಎಂದಳು ಹುಡುಗಿ. ಮೇಲಿನಕ್ಕ ಅವಳ ಕೈ ಹಿಡಿದು ಬ್ರೇಕು ಬಿಗಿಯಲು ತಿರುಗಿಸುವ ಗಾಲಿಯ ಮೇಲಿಟ್ಟರು. "ಇದಿನ್ನೂ ಉಸಿರಾಡ್ತಿದೆ. ಬೆಳಿಗ್ಗೆ ಮೊದಲನೇ ಗಾಡಿಗೆ ಬಂದ್ಬಿಡಿ."

ಬಂದಿದ್ದಾರೆ. ಅವರ ಜೊತೆ ಗಾಡಿ ಹತ್ತಲು ಕಚೇರಿಯ ಸಾಹೇಬರೂ ಅವರ ಹಿಂಬಾಲಕರೂ ಕೆಳಗೆ ಸಾಲುಗಟ್ಟಿದ್ದಾರೆ. ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ ಬಿಗಿದಿದ್ದಾರೆ. ಮೇಲಿನ ಫೋನು ಕಿರುಚುತ್ತದೆ.

"ಹತ್ತು ಜನ ಇದೀವಿ" ಅನ್ನುತ್ತದೆ ಸಾಹೇಬರ ದನಿ.

"ದಪ್ಪಗಿರೋರು ಯಾರಾದ್ರೂ?" ಮೇಲಿನಕ್ಕ ಕೇಳುತ್ತಾರೆ.

"ಏನ್ರಮ್ಮಾ ಪ್ರಶ್ನೆ ಇದು? ಹತ್ತು ಅಂದ್ರೆ ಹತ್ತು!"

ಹತ್ತು ಜನಕ್ಕೆ ತಕ್ಕಂತೆ ನೀರು ತುಂಬುತ್ತದೆ. ಆ ಹೊತ್ತಿಗೆ ಕೆಳಗೆ ನಡೆದದ್ದನ್ನು ಕೆಳಗಿನಕ್ಕ ಆಮೇಲೆ ನನಗೆ ಹೇಳಿದರು. ಗಾಡಿಯೊಳಗೆ ಕೂತ ಸಾಹೇಬರು ಕತ್ತೆತ್ತಿ ಗುಡ್ಡ ನೋಡಿದರು. ಹಗ್ಗ ನೋಡಿದರು. "ಮೊದಲು ಇವರು ಹೋಗ್ಲಿ, ಹೊಸ ಮದುಮಕ್ಕಳು" ಎಂದು ಇಳಿದೇಬಿಟ್ಟರು. ಸಾಹೇಬರು ಇಳಿದ ಮೇಲೆ ಹಿಂಬಾಲಕರು ಕೂತಿರುತ್ತಾರೆಯೇ? ದಬದಬ ಇಳಿದರು. ಒಳಗೆ ಉಳಿದದ್ದು ಇಬ್ಬರೇ.

ಮೇಲೆ ಮೇಲಿನಕ್ಕ ಫೋನಿನಲ್ಲಿ ಕೇಳುತ್ತಾರೆ: "ಬಾಗಿಲು ಹಾಕಿದ್ರಾ?"

"ಹಾಕಿದೆ, ಬಿಡಿ" ಅನ್ನುತ್ತದೆ ಸಾಹೇಬರ ದನಿ.

ಬಾಗಿಲು ಹಾಕಿದ್ದು ನಿಜ. ಎಷ್ಟು ಜನ ಉಳಿದರು ಎಂದು ಇವರು ಮತ್ತೆ ಕೇಳಲಿಲ್ಲ, ಅವರು ಹೇಳಲಿಲ್ಲ. ಅಗಳಿ ಬಿದ್ದ ಮೇಲೆ ಬಾರಿಸುವ ಗಂಟೆಯ ಲೆಕ್ಕದಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಮೇಲಿನಕ್ಕ ಫೋನು ಸಿಕ್ಕಿಸಿ, ಬ್ರೇಕು ಸಡಿಲಿಸುತ್ತಾರೆ.

ಚಕ್ರ ಎಂದಿನಂತೆ ಮುಲುಗುವುದಿಲ್ಲ. ಬುಸುಗುಡುತ್ತದೆ. ತಗಡಿನ ಗೋಡೆ ನಡುಗುತ್ತದೆ. "ಭಾರ ಇಲ್ಲ! ಗಾಡೀಲಿ ಭಾರ ಇಲ್ಲ!" ಮೇಲಿನಕ್ಕ ಕೂಗುತ್ತಾರೆ. ಫೋನು ಬಡಿದುಕೊಳ್ಳುತ್ತದೆ. ಎತ್ತುವುದು ಹೇಗೆ? ಎರಡೂ ಕೈ ಬ್ರೇಕಿನ ಗಾಲಿಯ ಮೇಲಿವೆ. ಒಂದು ಕೈ ಬಿಟ್ಟರೆ ಗಾಲಿ ಹಿಂದಕ್ಕೆ ಸುತ್ತಿ ಮಣಿಕಟ್ಟು ಮುರಿಯುತ್ತದೆ. ಎತ್ತಲು ನಾನು ಮುನ್ನುಗ್ಗಿದರೆ, "ಅದನ್ನ ಬಿಡ್ರೀ, ಈ ಕಡೆ ನೂಕಿ!" ಎಂದು ಗದರುತ್ತಾರೆ. ಗಾಲಿಗೆ ಭುಜ ಕೊಡುತ್ತೇನೆ. ಗಕ್ಕನೆ ಹಿಡಿಯುವಂತಿಲ್ಲ, ಹಗ್ಗ ಹರಿಯುತ್ತದೆ. ಇಷ್ಟಿಷ್ಟೇ ಬಿಗಿಯಬೇಕು. ಸುಟ್ಟ ಮರದ ಹೊಗೆ ಕಣ್ಣಿಗೆ ಹೊಡೆಯುತ್ತದೆ. ಆದರೂ ಎಷ್ಟು ಬಿಗಿಯಬೇಕು? ಗಾಡಿಯಲ್ಲಿ ಆರು ಜನರೋ, ಯಾರೂ ಇಲ್ಲವೋ?

ಆಗ ಗಂಟೆ. ಬಟ್ಟೆ ಹರಿದು ಹೊಡೆದ ಗಂಟೆ. ಎರಡು ಏಟು.

"ಇಬ್ರೇ!" ಮೇಲಿನಕ್ಕ ಹಲ್ಲು ಕಚ್ಚಿ ಮೈಯ ಭಾರವನ್ನೆಲ್ಲ ಗಾಲಿಗೆ ಹಾಕುತ್ತಾರೆ. ಚಕ್ರ ಕಿರುಗುಟ್ಟಿ, ಮುಲುಗಿ, ನಿಲ್ಲುತ್ತದೆ. ಗುಡ್ಡದ ನಡುವೆ ಎರಡು ಗಾಡಿ ಅಕ್ಕಪಕ್ಕ ನಿಂತಿವೆ, ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಗಂಡ ಹೆಂಡತಿ.

ಈಗ ನೀರು ಇಳಿಸಬೇಕು. ಹಳಿಯ ಪಕ್ಕದ ಮೆಟ್ಟಿಲಲ್ಲಿ ಕೆಳಗಿನಕ್ಕ ಏರಿ ಬರುತ್ತಿದ್ದಾರೆ, ಕೈಯಲ್ಲಿ ಸ್ಪಾನರು. ಸಾಹೇಬರು ಕೆಳಗೆ ನಿಂತು ಕೂಗುತ್ತಿದ್ದಾರೆ: "ಎಲ್ಲಾ ನೀರು ಬಿಟ್ಬಿಡಿ! ಪೂರ್ತಿ!" ಪೂರ್ತಿ ಬಿಟ್ಟರೆ ಇಬ್ಬರ ಭಾರವೇ ಮೇಲುಗೈಯಾಗಿ ಅವರ ಗಾಡಿ ಹಿಂದಕ್ಕೆ ಜಾರುತ್ತದೆ. ಕೆಳಗಿನಕ್ಕ ತಿರುಗಿಯೂ ನೋಡುವುದಿಲ್ಲ. ತೊಟ್ಟಿಯ ತಿರುಪು ಬಿಚ್ಚುತ್ತಾರೆ. ನೀರು ಹಳಿಯ ಮೇಲೆ ದುಮುಕುತ್ತದೆ. ತೊಟ್ಟಿಗೆ ಕಿವಿಯಿಟ್ಟು ಕೇಳುತ್ತಾರೆ, ಇನ್ನೂ ಬಿಡುತ್ತಾರೆ, ಮತ್ತೆ ಕೇಳುತ್ತಾರೆ. ಗಾಡಿಯೊಳಗೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದಾನೆ. ಹುಡುಗಿ ಒಂದು ಕೈಯಲ್ಲಿ ಅವನ ಕಾಲರು ಹಿಡಿದು, ಕಿಟಕಿಯಿಂದ ಬಗ್ಗಿ ತಿರುಪನ್ನೇ ನೋಡುತ್ತಿದ್ದಾಳೆ. ಕೊನೆಗೆ ತಿರುಪು ಮುಚ್ಚುತ್ತದೆ. ಸ್ಪಾನರಿನಿಂದ ತೊಟ್ಟಿಗೆ ಎರಡು ಏಟು.

ಮೇಲಿನಕ್ಕ ಬ್ರೇಕು ಬಿಡುತ್ತಾರೆ, ಎಳೆಗೂಸನ್ನು ಮಲಗಿಸುವ ಹಾಗೆ. ಗಾಡಿ ಮೇಲೆ ಬಂದು ಮುಟ್ಟುತ್ತದೆ.

ಮೇಷ್ಟ್ರು ನೆಲದ ಮೇಲೆ ಕೂತುಬಿಡುತ್ತಾನೆ. "ಮುಂದಿನ ಊರಲ್ಲಿ ಬರೀ ಕೋಟೆ ನೋಡೋಣ, ಆಯ್ತಾ?" ಅನ್ನುತ್ತಾನೆ ಹೆಂಡತಿಗೆ. "ಕೋಟೇಗೂ ಎತ್ತರ ಇರುತ್ತೆ ರೀ" ಅನ್ನುತ್ತ ಅವಳು ಬಂದು ಮೇಲಿನಕ್ಕನ ಎರಡೂ ಅಂಗೈ ತಿರುಗಿಸಿ ನೋಡುತ್ತಾಳೆ. ಚರ್ಮ ಕಿತ್ತು ಬಂದಿದೆ.

ಅಷ್ಟರಲ್ಲಿ ಫೋನು. ಈಗ ಎತ್ತಬಹುದು. "ಫೋನ್ ಮಾಡಿದ್ರೂ ನೀವು ಎತ್ಲಿಲ್ಲ, ಇದು ನಿಮ್ಮದೇ ತಪ್ಪು" ಅನ್ನುತ್ತಿದ್ದಾರೆ ಸಾಹೇಬರು. ಹುಡುಗಿ ಫೋನು ಕಿತ್ತುಕೊಂಡು, "ನೀವು ಇಳಿದಿದ್ದನ್ನ ಹೇಳಿದ್ರಾ ಸಾರ್?" ಎಂದು ಕೇಳುತ್ತಾಳೆ. ಆ ಕಡೆ ಲೈನು ಕಟ್ಟಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬರುತ್ತದೆ: ನಾಳೆ ಬೆಳಿಗ್ಗೆ ಸಾಹೇಬರು ಖುದ್ದಾಗಿ ಮೇಲೆ ಬಂದು ಬೀಗದ ವಿಷಯ ತೀರ್ಮಾನಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಬೈಯುತ್ತೇನೆ, ಬರೆಯಬಾರದ ಮಾತಲ್ಲೇ ಬೈಯುತ್ತೇನೆ. ಮೇಲಿನಕ್ಕ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತ, ಸುಟ್ಟ ಮರ ತೆಗೆದು ಹೊಸದು ಕೂರಿಸುತ್ತಿದ್ದಾರೆ.

"ಓರಗಿತ್ತಿ ಜೊತೆ ಇವತ್ತಾದ್ರೂ ಮಾತಾಡ್ತೀರಾ?"

"ಯಾಕೆ? ಅವಳು ಹೇಳೋದನ್ನೆಲ್ಲ ಹೇಳಿದಳಲ್ಲ."

"ನಾಳೆ ಬೀಗ ತಂದರೆ?"

ಮರದ ತುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ.

"ತರ್ಲಿ. ಆ ಮೆಟ್ಟಿಲು ಹತ್ತೋ ಪೈಕಿ ಅಲ್ಲ ಅವರು. ಬೀಗ ಹಾಕೋಕ್ಕಾದ್ರೂ ನನ್ನ ಗಾಡೀಲೇ ಕೂತು ಬರ್ಬೇಕು. ಬರ್ಲಿ. ಜೋಪಾನವಾಗೇ ಕರ್ಕೊಂಡು ಬರ್ತೀನಿ."